ಮಳೆಗಾಲಕ್ಕೆ ದೋಣಿಯ ಎಂಜಿನ್ ಎತ್ತಿಡುವ ಮುನ್ನ

ಕೇರಳದಲ್ಲಿ ಟ್ರಾಲಿಂಗ್ (ಯಂತ್ರದ ದೋಣಿಯಿಂದ ಬಲೆ ಎಳೆಯುವ ಮೀನುಗಾರಿಕೆ) ನಿಷೇಧ ಜೂನ್ 9ರ ನಡುರಾತ್ರಿ ಶುರುವಾಗಿ ಜುಲೈ 31ಕ್ಕೆ ಮುಗಿಯುತ್ತದೆ. ಒಟ್ಟು 52 ದಿನ. ನಾಡದೋಣಿಗಳಿಗೆ ಈ ನಿಷೇಧ ಇಲ್ಲ. ಆದರೂ ತುಳುವರ ಮಳೆ ತಿಂಗಳುಗಳಾದ ಕಾರ್ತೆಲ್, ಆಟಿಯ ಅಬ್ಬರದಲ್ಲಿ ಅಳಿವೆ ದಾಟುವುದು ಕಷ್ಟ. ಮಂಜೇಶ್ವರ, ಶಿರಿಯ, ಕೋಯಿಪ್ಪಾಡಿ ಕಡೆಯ ಸಣ್ಣ ದೋಣಿಗಳು ದಡ ಸೇರಿದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಕಳಚಿ ಮನೆಗೆ ಬರುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಎಂಜಿನ್ ಎತ್ತಿಡುವವರ ದೊಡ್ಡ ಭಯವೆಂದರೆ ಒಳಗುಳಿದ ನೀರು ಗಡ್ಡೆಕಟ್ಟಿ ಗೇರ್‌ಕೇಸ್ (ಕೆಳಗಿನ ಗೇರಿನ ಪೆಟ್ಟಿಗೆ) ಬಿರಿಯುವುದು. ನಮ್ಮಲ್ಲಿ ಕೆಲಸ ಕೆಡಿಸುವುದು ಉಪ್ಪು, ಅದರ ಜೊತೆಗೆ ಎರಡು ತಿಂಗಳ ತೇವ.

ಮೊದಲು ಉಪ್ಪು ತೊಳೆಯಬೇಕು. ಪ್ರೊಪೆಲ್ಲರ್ ಬಿಚ್ಚಿ, 200 ಲೀಟರಿನ ಡ್ರಮ್ಮಿನಲ್ಲಿ ಬಾವಿನೀರು ತುಂಬಿ ಎಂಜಿನ್ನಿನ ಕಾಲು ಇಳಿಸಿ. ಪ್ರೊಪೆಲ್ಲರಿನ ಮೇಲಿರುವ ಅಡ್ಡ ತಟ್ಟೆ ಮುಳುಗಿ, ಅದರ ಮೇಲೆ ನಾಲ್ಕು ಬೆರಳು ನೀರು ನಿಲ್ಲಬೇಕು. ನ್ಯೂಟ್ರಲ್‌ನಲ್ಲಿ, ಕಡಿಮೆ ವೇಗದಲ್ಲಿ 10ರಿಂದ 15 ನಿಮಿಷ ಓಡಿಸಿ. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಸಾಲದು: ಥರ್ಮೋಸ್ಟಾಟ್ (ಬಿಸಿಗೆ ತೆರೆಯುವ ನೀರಿನ ಕವಾಟ) ಇರುವ ಎಂಜಿನ್ನುಗಳಲ್ಲಿ ಬಿಸಿಯೇರದೆ ಅದು ತೆರೆಯುವುದಿಲ್ಲ, ಸಿಲಿಂಡರಿನ ಸುತ್ತಲಿನ ಉಪ್ಪು ಅಲ್ಲೇ ಉಳಿಯುತ್ತದೆ. ಪಕ್ಕದ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತಿದೆಯೇ ನೋಡಿ. ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ. ನೀರಿಲ್ಲದೆ ಓಡಿದರೆ ಪಂಪಿನ ರಬ್ಬರ್ ಇಂಪೆಲ್ಲರ್ ಸುಡಲು ಹೆಚ್ಚು ಹೊತ್ತು ಬೇಡ.

ಸೀಮೆಎಣ್ಣೆ ಎಂಜಿನ್ನಾದರೆ ಕೊನೆಯ ಐದು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ತಣ್ಣಗಿನ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಆಗಸ್ಟಿನಲ್ಲಿ ಹಗ್ಗ ಎಳೆದೆಳೆದು ಭುಜ ಸೋಲುವುದು ಇದರಿಂದಲೇ. ಪೆಟ್ರೋಲನ್ನೂ ಒಳಗೆ ಬಿಡಬೇಡಿ. ಈಗಿನ ಬಂಕ್ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಇಂಧನದ ಪೈಪ್ ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಆಮೇಲೆ ಕಾರ್ಬ್ಯುರೇಟರಿನ ಬಟ್ಟಲ ತಳದ ಸ್ಕ್ರೂ ಸಡಿಲಿಸಿ ಉಳಿದ ತೊಟ್ಟನ್ನೂ ಇಳಿಸಿ.

ಈಗ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಹಾಕಿ. ಸ್ಟಾಪ್ ಸ್ವಿಚ್ಚಿನ ಕ್ಲಿಪ್ ತೆಗೆದು, ಹಗ್ಗವನ್ನು ಮೆಲ್ಲಗೆ ಐದಾರು ಸಲ ಎಳೆದರೆ ಎಣ್ಣೆ ಗೋಡೆಗೆ ಹರಡುತ್ತದೆ. ಪ್ಲಗ್ ಮತ್ತೆ ಕೈಯಲ್ಲೇ ತಿರುಗಿಸಿ ಹಾಕಿ, ಆಮೇಲೆ ಪಾನಾ ಹಿಡಿಯಿರಿ. ಓರೆಯಾಗಿ ಹೋದ ಪ್ಲಗ್ ಅಲ್ಯೂಮಿನಿಯಂ ಹೆಡ್ಡಿನ ತಿರುಪಿನ ಎಳೆಗಳನ್ನು ತಿಂದುಹಾಕುತ್ತದೆ.

ಹೆಚ್ಚಿನವರು ಬಿಟ್ಟುಬಿಡುವುದು ಗೇರ್ ಆಯಿಲ್. ಎಂಜಿನ್ ನೆಟ್ಟಗೆ ನಿಲ್ಲಿಸಿ ಗೇರ್‌ಕೇಸಿನ ಕೆಳಗಿನ ಸ್ಕ್ರೂ, ಆಮೇಲೆ ಮೇಲಿನದನ್ನು ಬಿಚ್ಚಿ, ಇಳಿಯುವ ಎಣ್ಣೆಯನ್ನು ಬಿಳಿ ತಟ್ಟೆಯಲ್ಲಿ ಹಿಡಿಯಿರಿ. ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಒಳಗೆ ನೀರು ನುಗ್ಗಿದೆ ಎಂದು ಅರ್ಥ. ಕಾರಣ ಪ್ರೊಪೆಲ್ಲರ್ ಇದ್ದ ಜಾಗದಲ್ಲಿರಬಹುದು: ಶಾಫ್ಟಿಗೆ ಸುತ್ತಿಕೊಂಡ ಬಲೆಯ ನೈಲಾನ್ ದಾರ ಕೂದಲೆಳೆಯಷ್ಟಿದ್ದರೂ ಆಯಿಲ್ ಸೀಲನ್ನು ಕೊಯ್ಯುತ್ತದೆ. ದಾರ ಬಿಡಿಸಿ ತೆಗೆದು, ಸೀಲ್ ಬದಲಿಸದೆ ಹೊಸ ಎಣ್ಣೆ ಹಾಕಿದರೆ ದುಡ್ಡು ದಂಡ. ಎಂಜಿನ್ನಿನ ಪುಸ್ತಕ ಹೇಳಿದ ಗೇರ್ ಆಯಿಲನ್ನು ಕೆಳಗಿನ ತೂತಿನಿಂದಲೇ, ಮೇಲಿನ ತೂತಿನಲ್ಲಿ ಉಕ್ಕುವವರೆಗೆ ಒತ್ತಿ ತುಂಬಿಸಿ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ಮುಚ್ಚುವಾಗ ಮೇಲಿನ ಸ್ಕ್ರೂ ಮೊದಲು. ವಾಷರ್ ಹೊಸದೇ ಇರಲಿ.

ಶಾಫ್ಟಿಗೆ ಮೆರೈನ್ ಗ್ರೀಸ್ ಹಚ್ಚಿ, ಪ್ರೊಪೆಲ್ಲರ್ ಮತ್ತೆ ಕೂರಿಸಿ, ಸ್ಪ್ಲಿಟ್ ಪಿನ್ ಹೊಸತು ಹಾಕಿ. ಎಂಜಿನ್ನಿನ ಬದಲು ತಾನು ಸವೆದು ಲೋಹವನ್ನು ಉಪ್ಪುನೀರಿನಿಂದ ಕಾಯುವ ಸತುವಿನ ತುಂಡು ಅರ್ಧ ಸವೆದಿದ್ದರೆ ಬದಲಿಸಿ; ಅದಕ್ಕೆ ಪೇಂಟ್ ಬಳಿದರೆ ಅದು ಇದ್ದೂ ಇಲ್ಲದಂತೆ.

ಎಂಜಿನ್ನನ್ನು ಮರದ ಸ್ಟ್ಯಾಂಡಿಗೆ ನೆಟ್ಟಗೆ ಸಿಕ್ಕಿಸಿ. ತಲೆ ತಗ್ಗಿಸಿ ಮಲಗಿಸಿದರೆ ಕಾಲಿನಲ್ಲಿ ಉಳಿದ ನೀರು ಎಕ್ಸಾಸ್ಟ್ ದಾರಿಯಾಗಿ ಸಿಲಿಂಡರ್ ಸೇರುತ್ತದೆ. ಪ್ಲಾಸ್ಟಿಕ್ ಬಿಗಿದು ಸುತ್ತಬೇಡಿ, ಒಳಗೇ ಬೆವರುತ್ತದೆ. ಹಳೆಯ ಬೆಡ್‌ಶೀಟು ಸಾಕು. ಇಲಿ ವಯರಿನ ರಬ್ಬರ್ ಕಡಿಯುವುದುಂಟು, ವಾರಕ್ಕೊಮ್ಮೆ ಮುಚ್ಚಳ ಎತ್ತಿ ನೋಡಿ. ಅಡುಗೆಮನೆಯ ಮೂಲೆ ಒಣಗಿದ್ದರೂ ಪೆಟ್ರೋಲ್ ವಾಸನೆಯ ಎಂಜಿನ್ನಿಗೆ ಅದು ಜಾಗವಲ್ಲ.

ಆಗಸ್ಟಿನಲ್ಲಿ ಹೊರತೆಗೆದಾಗ ಹೊಸ ಪೆಟ್ರೋಲ್ ಹಾಕಿ, ಡ್ರಮ್ಮಿನಲ್ಲೇ ಮೊದಲು ಸ್ಟಾರ್ಟ್ ಮಾಡಿ. ಒಳಗೆ ಹಾಕಿದ ಎಣ್ಣೆ ಸುಟ್ಟು ಕೆಲವು ನಿಮಿಷ ಬಿಳಿ ಹೊಗೆ ಬರುತ್ತದೆ. ಆಮೇಲೂ ಎಂಜಿನ್ ಕುಂಟಿದರೆ ಪ್ಲಗ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ಹಾಕಿ.