ಇಟ್ಟಿಗೆ ಕಾಂಪೌಂಡ್ ಗೋಡೆಗೆ ಮರದ ಕಂಬ ಜೋಡಿಸುವ ವಿಧಾನ

ಮಲ್ಲಿಗೆ ಬಳ್ಳಿಯ ಚಪ್ಪರಕ್ಕಾಗಿ ಗೋಡೆಗೆ ಕಂಬ ಜೋಡಿಸುವವರು ಮೊದಲು ಗೋಡೆಯ ದಪ್ಪವನ್ನು ಅಳೆಯಬೇಕು. ಒಂಬತ್ತು ಇಂಚಿನ ಗೋಡೆ ಈ ಭಾರವನ್ನು ತಾಳುತ್ತದೆ. ನಾಲ್ಕೂವರೆ ಇಂಚಿನ ಗೋಡೆಯಾದರೆ ಕಂಬವನ್ನು ನೆಲದಲ್ಲಿಯೇ ನಿಲ್ಲಿಸುವುದು ಲೇಸು.

ತೇಗದ ಅಥವಾ ಹೊನ್ನೆಯ 75 ಮಿ.ಮೀ. ಚೌಕದ ಕಂಬದಲ್ಲಿ ಮೇಲೆ, ನಡುವೆ ಮತ್ತು ಕೆಳಗೆ ಒಂದೊಂದು ರಂಧ್ರ ಕೊರೆದು, ತೂಗುಗುಂಡಿನಿಂದ ನೇರ ನೋಡಿ, ಗೋಡೆಯ ಮೇಲೆ ಗುರುತು ಮಾಡಿಕೊಳ್ಳಿ. ಗುರುತು ಗಾರೆಯ ಸಂದಿಯ ಮೇಲೆ ಬಿದ್ದರೆ ಕಂಬದ ರಂಧ್ರವನ್ನೇ ಬದಲಿಸಬೇಕು, ಏಕೆಂದರೆ ಹಳೆಯ ಗಾರೆ ಪುಡಿಯಾಗಿ ಬೋಲ್ಟ್ ಸಡಿಲಗೊಳ್ಳುತ್ತದೆ. ಇಟ್ಟಿಗೆಯ ನಡುಭಾಗವೇ ಸುರಕ್ಷಿತ. ಗೋಡೆಯ ತುದಿಯ ಸಾಲುಗಳಲ್ಲಿ ಕೊರೆಯಲೇಬೇಡಿ.

ಗುರುತು ಮಾಡಿದಲ್ಲಿ ಗೋಡೆಗೆ ರಂಧ್ರ ಕೊರೆದು, ಅದರ ಧೂಳನ್ನು ಪೂರ್ತಿ ಊದಿ ತೆಗೆದ ಮೇಲೆ, ಗೋಡೆಯೊಳಗೆ ಕನಿಷ್ಠ 70 ಮಿ.ಮೀ. ಇಳಿಯುವಷ್ಟು ಉದ್ದದ, ತುಕ್ಕು ಹಿಡಿಯದ ಆಂಕರ್ ಬೋಲ್ಟನ್ನು (ಬಿಗಿದಾಗ ರಂಧ್ರದೊಳಗೆ ಅರಳಿ ಹಿಡಿಯುವ ಬೋಲ್ಟ್) ಅಗಲವಾದ ವಾಷರ್ ಸಹಿತ ಹಾಕಿ, ಅತಿಯಾಗಿ ಬಿಗಿಯದೆ ನಿಲ್ಲಿಸಿ. ಮೃದುವಾದ ನಾಡ ಇಟ್ಟಿಗೆ ವಿಪರೀತ ಬಿಗಿತಕ್ಕೆ ಸೀಳುತ್ತದೆ. ಅಂಥಲ್ಲಿ ರಾಸಾಯನಿಕ ಅಂಟಿನಿಂದ ಕೂರಿಸುವ ಬೋಲ್ಟ್ ಉತ್ತಮ.

ನಮ್ಮಲ್ಲಿ ಕಂಬವನ್ನು ಕೆಡಿಸುವುದು ಹೆಚ್ಚಾಗಿ ಮಳೆ ಮತ್ತು ಗೆದ್ದಲು. ಆದ್ದರಿಂದ ಪ್ರತಿ ಬೋಲ್ಟಿನಲ್ಲೂ ಕಂಬ ಮತ್ತು ಗೋಡೆಯ ನಡುವೆ ಇನ್ನೊಂದು ದಪ್ಪ ವಾಷರ್ ಇಟ್ಟು ಗಾಳಿಯಾಡಲು ತೆರಪು ಬಿಡಿ, ಕಂಬದ ಬುಡವನ್ನು ಮಣ್ಣಿನಿಂದ 5 ಸೆಂ.ಮೀ. ಮೇಲಿಡಿ, ಹೊಸದಾಗಿ ಕೊಯ್ದ ತುದಿಗಳಿಗೂ ಕೊರೆದ ರಂಧ್ರಗಳಿಗೂ ಗೆದ್ದಲು ನಿರೋಧಕ ಎಣ್ಣೆಯನ್ನು ತಪ್ಪದೆ ಬಳಿಯಿರಿ.