ಕೊಡಗಿನ ದಾರಿಗೊಂದು ಹಳೆಯ ಬೈಕು: ಆಯ್ಕೆ ಹೇಗೆ, ಆರೈಕೆ ಹೇಗೆ?

ಹಳೆಯ ಮೋಟಾರ್ ಸೈಕಲ್ ಕೊಳ್ಳಲು ಮನಸ್ಸು ಮಾಡಿದವರು ಸಾಮಾನ್ಯವಾಗಿ ಬೈಕನ್ನು ಹುಡುಕಿಕೊಂಡು ಹೊರಡುತ್ತಾರೆ. ಕೊಡಗಿನಲ್ಲಿ ಅದಕ್ಕೂ ಮೊದಲು ಹುಡುಕಬೇಕಾದದ್ದು, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ನನ್ನು. ಗೋಣಿಕೊಪ್ಪಲು, ಕುಶಾಲನಗರ, ಸೋಮವಾರಪೇಟೆ, ಹೀಗೆ ನಿಮಗೆ ಹತ್ತಿರವಿರುವ ಪೇಟೆಯ ಗ್ಯಾರೇಜುಗಳಿಗೆ ಎರಡು ಮೂರು ಸಲ ಹೋಗಿ, ಅಲ್ಲಿ ಯಾವ ಎಂಜಿನ್ ಬಿಚ್ಚಿ ಹರಡಿಕೊಂಡಿದೆ ಎಂಬುದನ್ನು ನೋಡಿ. ಬುಲೆಟ್ ಬಲ್ಲವನು ಯೆಜ್ಡಿಯನ್ನೂ ಬಲ್ಲ ಎಂಬ ಭರವಸೆ ಬೇಡ. ಬುಲೆಟ್ಟಿನ ನಾಲ್ಕು ಸ್ಟ್ರೋಕಿನ ಕೈ ಬೇರೆ, ಯೆಜ್ಡಿಯ ಎರಡು ಸ್ಟ್ರೋಕಿನ ಕೈ ಬೇರೆ.

ಯಾವ ಬೈಕು?

ನಮ್ಮ ಜಿಲ್ಲೆಗೆ ಮೈಸೂರು ಹತ್ತಿರವಿರುವುದು ಈ ವಿಷಯದಲ್ಲಿ ದೊಡ್ಡ ಅನುಕೂಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಬಳಿಕ ಯೆಜ್ಡಿ ಬೈಕುಗಳನ್ನು ಹೊರತಂದಿತು. ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದ ಆ ಊರಿನಲ್ಲಿ ಇವುಗಳ ಬಿಡಿಭಾಗ ಬಲ್ಲವರು ಇಂದಿಗೂ ಸಿಗುತ್ತಾರೆ. 2018ರ ನಂತರ ಮಾರುಕಟ್ಟೆಗೆ ಬಂದ ಹೊಸ ಜಾವಾಗಳ ಹೆಸರು ಅದೇ ಆದರೂ ಎಂಜಿನ್ ಬೇರೆ. ಅವುಗಳ ಭಾಗ ಹಳೆಯದಕ್ಕೆ ಹೊಂದುವುದಿಲ್ಲ.

ಹಳೆಯ 250 ಸಿಸಿ ಜಾವಾ ಮತ್ತು ಯೆಜ್ಡಿಗಳಲ್ಲಿ ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್ ಇರುವುದರಿಂದ ಹೊಸಬರಿಗೆ ಮೊದಲ ವಾರ ಗಲಿಬಿಲಿಯಾಗುವುದು ಸಹಜ. ಹಳೆಯ ಬುಲೆಟ್ 350ರ ಗಲಿಬಿಲಿ ಇನ್ನೊಂದು ಬಗೆಯದು: ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಗಾಬರಿಯಾದಾಗ ಬಲಗಾಲು ತಾನಾಗಿ ಬ್ರೇಕನ್ನು ಹುಡುಕಿ ಗೇರನ್ನು ಒತ್ತಿಬಿಡುತ್ತದೆಯಾದ್ದರಿಂದ, ಮನೆಯಲ್ಲಿ ಇತರರೂ ಓಡಿಸುವುದಾದರೆ ಇದನ್ನು ಮೊದಲೇ ಯೋಚಿಸಬೇಕು. ಹಗುರವಾದ ಯಮಾಹಾ ಆರ್‌ಎಕ್ಸ್ 100 ತೋಟದ ದಾರಿಗೆ ಸೊಗಸಾದ ಬೈಕು. ಆದರೆ ಈಗ ಅದಕ್ಕೆ ಹೇಳುವ ಬೆಲೆ 98 ಸಿಸಿ ಎಂಜಿನ್ನಿನದಲ್ಲ, ಹುಡುಗರ ಮೋಹದ್ದು. ಪೇಟೆಗೆ, ಸಂತೆಗೆ, ನೆಂಟರ ಮನೆಗೆಂದು ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಾಡುವವರಿಗೆ ಯೆಜ್ಡಿ ರೋಡ್‌ಕಿಂಗ್ ಸಾಕು ಎಂಬುದು ನನ್ನ ಅಭಿಪ್ರಾಯ. ಬುಲೆಟ್ ಪ್ರಿಯರು ಇದನ್ನು ಒಪ್ಪಲಾರರು.

ಬೈಕಿಗಿಂತ ಮೊದಲು ಕಾಗದ

ಬೈಕು ಎಷ್ಟೇ ಚೆನ್ನಾಗಿದ್ದರೂ ಆರ್‌ಸಿ ಇಲ್ಲದಿದ್ದರೆ ಅದು ಬರಿಯ ಕಬ್ಬಿಣ. ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಬೈಕಿನ ಮೇಲಿನ ಅಚ್ಚಿನೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ಅಚ್ಚು ಮಸುಕಾಗಿದ್ದರೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಏಳುತ್ತವೆ. ಹಳೆಯ ಪುಸ್ತಕರೂಪದ ಆರ್‌ಸಿಯ ವಿವರ ‘ವಾಹನ್’ ಗಣಕ ದಾಖಲೆಗೆ ಸೇರಿದೆಯೇ ಎಂಬುದನ್ನೂ ಹಣ ಕೊಡುವ ಮೊದಲೇ ನೋಡಿಕೊಳ್ಳಿ. ಅಲ್ಲಿ ಹೆಸರಿಲ್ಲದ ಬೈಕಿಗೆ ವಿಮೆ ಮಾಡಿಸುವುದೂ ತೊಡಕು, ಹೊಗೆ ತಪಾಸಣೆಯ ಪತ್ರ ಪಡೆಯುವುದೂ ತೊಡಕು. ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಬೈಕು ಬೇರೆ ಆರ್‌ಟಿಒ ವ್ಯಾಪ್ತಿಯದಾಗಿದ್ದು ಅದನ್ನು ಮಡಿಕೇರಿಯ ಕೆಎ-12ಕ್ಕೆ ತರುವುದಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರವನ್ನು ಮಾರುವವರಿಂದಲೇ ತರಿಸಿಕೊಳ್ಳುವುದು ಜಾಣತನ.

ನೋಂದಣಿಯ ಅವಧಿ ಹದಿನೈದು ವರ್ಷ. ಆ ಬಳಿಕ ವಾಹನವನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಐವತ್ತು ವರ್ಷ ದಾಟಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ‘ವಿಎ’ ಸರಣಿಯ ವಿಶೇಷ ನೋಂದಣಿಯನ್ನು ತಂದಿದೆ. ಅದರ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆ ಫಲಕದ ಆಕರ್ಷಣೆಗೆ ಒಳಗಾಗುವ ಮೊದಲು ಒಂದು ಮಾತು: ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಯಂಥ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೆ ಹೋಗಿಬರಲು ಬೈಕು ಬೇಕಾದವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುವುದು ಸರಿ.

ನೋಡುವುದು, ಮುಟ್ಟುವುದು, ಕೇಳುವುದು

ತಾವು ಬರುವ ಮೊದಲು ಬೈಕನ್ನು ಸ್ಟಾರ್ಟ್ ಮಾಡಬಾರದೆಂದು ಮಾರುವವರಿಗೆ ತಿಳಿಸಿ, ಹೋದ ಕೂಡಲೇ ಎಂಜಿನ್ನಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ತಣ್ಣಗಿರುವಾಗ ಅದು ಏಳಲು ಸತಾಯಿಸುತ್ತದೆ ಎಂದು ಅನುಮಾನಿಸಬಹುದು. ಎರಡು ಸ್ಟ್ರೋಕಿನ ಬೈಕು ಹೊಗೆ ಉಗುಳುವುದು ಸಹಜ. ಆದರೆ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಗೇರ್‌ಬಾಕ್ಸಿನ ಆಯಿಲ್ ಇಳಿಯುತ್ತ ಹೋಗುತ್ತಿದ್ದರೆ, ಕ್ರ್ಯಾಂಕಿನ ಆಯಿಲ್ ಸೀಲ್ ಸವೆದು ಆ ಆಯಿಲನ್ನು ಎಂಜಿನ್ ಹೀರಿಕೊಳ್ಳುತ್ತಿದೆ ಎಂದರ್ಥ. ಸೀಲಿನ ಬೆಲೆ ಅಲ್ಪವಾದರೂ ಅದನ್ನು ಬದಲಾಯಿಸುವ ಕೂಲಿ ಅಲ್ಪವಲ್ಲ. ಬುಲೆಟ್ ಆದರೆ ಡೀಕಂಪ್ರೆಸರ್ (ಎಂಜಿನ್ನಿನೊಳಗಿನ ಒತ್ತಡ ಇಳಿಸುವ ಪುಟ್ಟ ಲಿವರ್) ಮುಟ್ಟದೆ ಕಿಕ್ಕರ್ ಮೇಲೆ ನಿಧಾನವಾಗಿ ಭಾರ ಬಿಡಿ; ಒಳ್ಳೆಯ ಎಂಜಿನ್ ನಿಮ್ಮನ್ನು ಕೆಲವು ಕ್ಷಣವಾದರೂ ಹೊತ್ತು ನಿಲ್ಲಬೇಕು.

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಹೊಸ ಬಣ್ಣ ಕಂಡರೆ ಎಚ್ಚರಿಕೆ ಹೆಚ್ಚಿರಲಿ. ನಾನು ಮೊದಲು ಕೊಂಡ ಬೈಕಿನ ಮಿರಿಮಿರಿ ಮಿಂಚುವ ಟ್ಯಾಂಕಿನ ಅಡಿಯಲ್ಲಿ ಬೆರಳು ದಪ್ಪ ಪುಟ್ಟಿ ಮೆತ್ತಲಾಗಿತ್ತು, ಮೂರನೆಯ ತಿಂಗಳಲ್ಲಿ ಆ ಪುಟ್ಟಿ ಕಳಚಿ ಪೆಟ್ರೋಲು ಮೊಣಕಾಲಿನ ಮೇಲೆ ಹನಿಯತೊಡಗಿತು. ಚಕ್ರದ ಕಡ್ಡಿಗಳನ್ನು ಚಮಚದಿಂದ ಒಂದೊಂದಾಗಿ ತಟ್ಟಿ: ಬಿಗಿಯಾದದ್ದು ಠಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಮೇಲಿನ ಅಚ್ಚು ಸವೆದಿಲ್ಲವೆಂದು ಹತ್ತು ವರ್ಷದ ಟೈರನ್ನು ಒದ್ದೆ ರಸ್ತೆಯಲ್ಲಿ ನಂಬಬೇಡಿ.

ಓಡಾಟದ ದಿನಗಳ ಆರೈಕೆ

ಯೆಜ್ಡಿಯ ಹೆಚ್ಚಿನ ಮಾದರಿಗಳಲ್ಲಿ 2ಟಿ (ಎರಡು ಸ್ಟ್ರೋಕಿನ ಎಂಜಿನ್ನಿನ) ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಲೀಟರಿಗೆ 30ರಿಂದ 40 ಮಿಲಿಲೀಟರ್ ವಾಡಿಕೆಯ ಅಳತೆ. ಕಣ್ಣಂದಾಜಿಗೆ ಹೋಗದೆ ಅಳತೆಯ ಮುಚ್ಚಳವೊಂದನ್ನು ಬೈಕಿನಲ್ಲೇ ಇಟ್ಟುಕೊಳ್ಳಿ.

ಇಲ್ಲಿ ನಮ್ಮ ಘಟ್ಟಗಳ ವಿಷಯ ಬರುತ್ತದೆ. ಮಡಿಕೇರಿಯಿಂದ ಸಂಪಾಜೆಗೋ, ವಿರಾಜಪೇಟೆಯ ಕಡೆಯಿಂದ ಮಾಕುಟ್ಟಕ್ಕೋ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನ ಹಿಡಿತದಲ್ಲೇ ಬಿಟ್ಟುಕೊಂಡು ಹೋಗುವುದು ಹಲವರ ಅಭ್ಯಾಸ. ಬುಲೆಟ್ಟಿಗೆ ಇದರಿಂದ ತೊಂದರೆಯಿಲ್ಲ. ಪೆಟ್ರೋಲಿನೊಂದಿಗೇ ಆಯಿಲ್ ಪಡೆಯುವ ಎಂಜಿನ್ನಿಗೆ ಮಾತ್ರ ಪೆಟ್ರೋಲು ನಿಂತೊಡನೆ ಆಯಿಲೂ ನಿಲ್ಲುತ್ತದೆ. ಚಕ್ರವೋ ಪಿಸ್ಟನ್ನನ್ನು ವೇಗವಾಗಿ ಆಡಿಸುತ್ತಲೇ ಇರುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ತಿರುಗಿಸುವುದನ್ನು ರೂಢಿ ಮಾಡಿಕೊಳ್ಳಿ. ಡ್ರಮ್ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಅದು ಕಾದು ಹಿಡಿತ ಬಿಡುತ್ತದೆಯಾದ್ದರಿಂದ ಬಿಟ್ಟು ಬಿಟ್ಟು ಒತ್ತಬೇಕು. ನೀರು ಹರಿಯುವ ಜಾಗ ದಾಟಿದ ಮೇಲೆ ನಿಧಾನವಾಗಿ ಸಾಗುತ್ತ ಬ್ರೇಕನ್ನು ಮೆಲ್ಲಗೆ ತಾಗಿಸಿದರೆ ಒಳಗಿನ ಲೈನರ್ ಒಣಗುತ್ತದೆ.

ಹಳೆಯ ಬೈಕು ದಾರಿಯಲ್ಲಿ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಪಾಯಿಂಟನ್ನು, ಎಂದರೆ ತೆರೆದು ಮುಚ್ಚುತ್ತ ಪ್ಲಗ್ಗಿಗೆ ಕಿಡಿ ಕೊಡಿಸುವ ಪುಟ್ಟ ಸ್ವಿಚ್ಚನ್ನು. ಅದರ ಅಂತರ ಸುಮಾರು 0.4 ಮಿ.ಮೀ. ಇರಬೇಕು, ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿಗಳು) ಕೊಂಡು ನೀವೇ ಕಲಿತುಕೊಳ್ಳಿ. ಕೊಡಗಿನ ತೇವಕ್ಕೆ ಪಾಯಿಂಟಿನ ಮುಖ ಬೇಗ ಮಸುಕಾಗುತ್ತದೆ, ನಯವಾದ ಎಮರಿ ಕಾಗದದಿಂದ ಒಮ್ಮೆ ಉಜ್ಜಿ ಒರೆಸಿದರೆ ಅರ್ಧದಷ್ಟು ತಕರಾರು ಅಲ್ಲೇ ತೀರುತ್ತದೆ. ಪ್ಲಗ್, ಕಂಡೆನ್ಸರ್, ಕ್ಲಚ್ ಕೇಬಲ್ ಒಂದೊಂದು ಹೆಚ್ಚುವರಿಯಾಗಿ ಸೀಟಿನಡಿ ಇರಲಿ. ಎಂಜಿನ್ ತಣ್ಣಗಿರುವಾಗ ಬುಲೆಟ್ಟಿನ ಪುಶ್‌ರಾಡ್ (ವಾಲ್ವ್ ತೆರೆಯಿಸುವ ಉದ್ದ ಕಡ್ಡಿ) ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಆಯಿಲನ್ನು ಕಿಲೋಮೀಟರ್ ಲೆಕ್ಕದಲ್ಲಿ ಬದಲಾಯಿಸಲು ಕಾಯುವುದಕ್ಕಿಂತ ಮಳೆಗೆ ಮೊದಲೊಮ್ಮೆ, ಮಳೆಯ ನಂತರವೊಮ್ಮೆ ಬದಲಾಯಿಸಿ. ಕಡಿಮೆ ಓಡುವ ಎಂಜಿನ್ನಿನಲ್ಲಿ ತೇವ ಸೇರಿ ಆಯಿಲ್ ಹಾಲಿನಂತೆ ಬೆಳ್ಳಗಾಗುವುದುಂಟು. ಹಳೆಯ ಜಾವಾಗಳ 6 ವೋಲ್ಟಿನ ದೀಪ ನಮ್ಮ ಮಂಜಿನಲ್ಲಿ ಮಿಣುಕುಹುಳಕ್ಕೆ ಸಮ. ಸಂಜೆಯೊಳಗೆ ಮನೆ ಸೇರುವಂತೆ ಹೊರಡುವುದೇ ಅದಕ್ಕೆ ಪರಿಹಾರ.

ಮಳೆಗಾಲಕ್ಕೆ ಮಲಗಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕನ್ನು ಹೊರಗೆ ತೆಗೆಯದಿರುವುದೇ ಮೇಲು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ; ಅದು ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುವುದಲ್ಲದೆ ಹಳೆಯ ರಬ್ಬರ್ ಭಾಗಗಳನ್ನೂ ಹಾಳುಮಾಡುತ್ತದೆ. ಹಿಂದೆ ಟ್ಯಾಂಕ್ ತುಂಬಿಸಿಟ್ಟು ಮಳೆ ಕಳೆಯುತ್ತಿದ್ದವರೂ ಈಗ ಖಾಲಿ ಮಾಡಿಡುವುದು ಒಳಿತು. ಪೆಟ್ರೋಲನ್ನು ಪೂರ್ತಿ ಇಳಿಸಿ, ಕಾರ್ಬುರೇಟರಿನ ಬಟ್ಟಲನ್ನೂ ಬರಿದು ಮಾಡಿ, ಟ್ಯಾಂಕಿಗೆ ಒಂದಿಷ್ಟು 2ಟಿ ಆಯಿಲ್ ಹಾಕಿ ಎಲ್ಲ ಕಡೆ ತಾಗುವಂತೆ ಅಲುಗಿಸಿ. ಪ್ಲಗ್ ಬಿಚ್ಚಿ ಅದರ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು, ಕಿಕ್ಕರನ್ನು ಕೈಯಿಂದ ನಾಲ್ಕಾರು ಸಲ ತಿರುಗಿಸಿ ಪ್ಲಗ್ ಮುಚ್ಚಿ. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಇಡಿ.

ನೆಲದ ಶೀತ ತಾಗದಂತೆ ಹಲಗೆಯ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಪ್ಲಾಸ್ಟಿಕ್ ಹೊದೆಸಿದರೆ ಒಳಗೆ ಬೆವರು ಕಟ್ಟಿ ಸೀಟಿಗೆ ಬೂಷ್ಟು ಬರುತ್ತದೆ. ಹಳೆಯ ಹತ್ತಿ ಬೆಡ್‌ಶೀಟ್ ಸಾಕು. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕುವುದನ್ನು ಮರೆಯಬೇಡಿ, ಇಲ್ಲವಾದರೆ ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ, ಅಕ್ಟೋಬರಿನಲ್ಲಿ ಮೆಕ್ಯಾನಿಕ್ ಅರ್ಧ ದಿನ ಕಾರ್ಬುರೇಟರ್ ಬಿಚ್ಚಿ ಕುಳಿತ ಮೇಲೆ ಕಾರಣ ಹಿಂದುಗಡೆ ಸಿಗುತ್ತದೆ. ಇಲಿಗಳು ವಯರಿನ ಮೇಲೆ ಕಣ್ಣಿಡುವುದರಿಂದ ಹದಿನೈದು ದಿನಕ್ಕೊಮ್ಮೆ ಬಟ್ಟೆ ಸರಿಸಿ ನೋಡುವುದು ಕ್ಷೇಮ.

ತುಲಾ ಸಂಕ್ರಮಣದ ಹೊತ್ತಿಗೆ ಮಳೆ ಇಳಿದಾಗ ಮೊದಲು ಸೈಲೆನ್ಸರಿನ ಬಟ್ಟೆ ತೆಗೆದು, ಹೊಸ ಪೆಟ್ರೋಲು ಹಾಕಿ, ಕೀ ಹಾಕದೆಯೇ ಹತ್ತು ಬಾರಿ ಕಿಕ್ ಹೊಡೆದು, ಒರೆಸಿದ ಪ್ಲಗ್ ಜೋಡಿಸಿ ಸ್ಟಾರ್ಟ್ ಮಾಡಿ. ಆಗ ಅಂಗಳ ತುಂಬುವ ಹೊಗೆ ನೀವೇ ಸುರಿದ ಆಯಿಲಿನದು. ಐದಾರು ಕಿಲೋಮೀಟರ್ ಓಡಿದ ಮೇಲೂ ಅದು ಕಡಿಮೆಯಾಗದಿದ್ದರೆ ಮಾತ್ರ ಗೇರ್‌ಬಾಕ್ಸಿನ ಆಯಿಲ್ ಮಟ್ಟ ನೋಡಿ.