ಟ್ಯೂಬ್‌ಲೆಸ್ ಸೈಕಲ್ ಟೈರ್: ಹೊರಡುವ ಮೊದಲು

ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದರೂ ಟ್ಯೂಬ್‌ಲೆಸ್ ಟೈರ್ ಓಡುತ್ತಲೇ ಇರುತ್ತದೆ, ಒಳಗಿನ ಸೀಲೆಂಟ್ (ತೂತು ಮುಚ್ಚುವ ದ್ರವ) ಹಸಿಯಾಗಿದ್ದರೆ. ಅದು ಒಣಗಿದರೂ ಗಾಳಿ ನಿಂತೇ ಇರುತ್ತದೆ. ಬಣ್ಣ ಬಯಲಾಗುವುದು ತೂತು ಬಿದ್ದಾಗ. ಲ್ಯಾಟೆಕ್ಸ್ ಸೀಲೆಂಟ್ ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು ಬಾಳುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಆರು ತಿಂಗಳ ಆಸೆ ಬೇಡ, ಎರಡು ತಿಂಗಳಿಗೊಮ್ಮೆ ನೋಡಿ.

ಸೀಲೆಂಟ್ ನೋಡಲು ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ. ಗಾಳಿಯಿಲ್ಲದ ಟೈರಿನ ಮೇಲೆ ಭಾರ ಬಿದ್ದರೆ ಅಂಚು ರಿಮ್ಮಿನಿಂದ ಕಳಚಬಹುದು. ವಾಲ್ವ್ ಮೇಲಿಟ್ಟು ಗಾಳಿ ಹೊರಬಿಡಿ, ಕೆಳಗಿದ್ದರೆ ಸೀಲೆಂಟ್ ಮುಖಕ್ಕೇ ಚಿಮ್ಮುತ್ತದೆ. ಕೋರ್ (ವಾಲ್ವಿನೊಳಗಿನ ತಿರುಗಿಸಿ ತೆಗೆಯುವ ತುಂಡು) ಬಿಚ್ಚಿ, ವಾಲ್ವ್ ಕೆಳಗೆ ಬರುವಂತೆ ತಿರುಗಿಸಿ, ಐದು ನಿಮಿಷ ಬಿಟ್ಟು ಸಣ್ಣ ಜಿಪ್ ಟೈ ಇಳಿಸಿ ನೋಡಿ. ತುದಿ ಒದ್ದೆಯಾಗದಿದ್ದರೆ ಸೀಲೆಂಟ್ ಮುಗಿದಿದೆ. 28 ಎಂಎಂ ರೋಡ್ ಟೈರಿಗೆ 30–40 ಮಿ.ಲೀ., 40 ಎಂಎಂ ಗ್ರಾವೆಲ್ ಟೈರಿಗೆ 60, 29 ಇಂಚಿನ ಎಂಟಿಬಿಗೆ (ಮೌಂಟನ್ ಬೈಕಿಗೆ) 100ರಿಂದ 120 ಮಿ.ಲೀ. ಸೀಲೆಂಟ್ ಬೇಕು. ಬಾಟಲಿಯನ್ನು ಚೆನ್ನಾಗಿ ಕುಲುಕಿಯೇ ಹಾಕಿ, ತೂತು ಮುಚ್ಚುವ ಕಣಗಳು ತಳದಲ್ಲಿ ಕೂತಿರುತ್ತವೆ. ಪಂಪ್ ಎಷ್ಟು ಒತ್ತಿದರೂ ಗಾಳಿ ಹೋಗುತ್ತಿಲ್ಲವೆಂದರೆ ಕೋರ್‌ನಲ್ಲಿ ಲ್ಯಾಟೆಕ್ಸ್ ಕಟ್ಟಿಕೊಂಡಿದೆ. ಹೊಸ ಕೋರ್ ಹಾಕಿ. ಒಂದೆರಡು ಜೊತೆಗೂ ಇರಲಿ.

ದಾರಿಯಲ್ಲಿ ತೂತು ಬಿದ್ದು ಬುಸ್ಸೆಂದರೆ ತೂತನ್ನು ಕೆಳಕ್ಕೆ ತಿರುಗಿಸಿ ಅರ್ಧ ನಿಮಿಷ ಕಾಯಿರಿ. ಮುಚ್ಚದಿದ್ದರೆ ಪಂಕ್ಚರ್ ಕಿಟ್ಟಿನ ರಬ್ಬರ್ ಬತ್ತಿಯನ್ನು ಅದರ ಸೂಜಿಗೆ ಪೋಣಿಸಿ, ಹೊರಗೆ ಒಂದು ಸೆಂಟಿಮೀಟರಿನಷ್ಟು ಬಾಲ ಉಳಿಯುವವರೆಗೆ ಚುಚ್ಚಿ, ಸೂಜಿಯನ್ನು ಝಟ್ಟನೆ ನೇರ ಎಳೆಯಿರಿ. ನಿಧಾನ ಮಾಡಿದರೆ ಬತ್ತಿಯೂ ಜೊತೆಗೇ ಬರುತ್ತದೆ. ಸಿಒ2 (ಇಂಗಾಲದ ಡೈಆಕ್ಸೈಡ್) ತುಂಬಿದ ಪುಟ್ಟ ಕಾರ್ಟ್ರಿಜ್‌ಗಿಂತ ಕೈಪಂಪ್ ವಾಸಿ: ಸಿಒ2ಗೆ ಕೆಲವು ಲ್ಯಾಟೆಕ್ಸ್ ಸೀಲೆಂಟ್‌ಗಳು ಹೆಪ್ಪುಗಟ್ಟುತ್ತವೆ.

ಟೈರ್ ಪಕ್ಕೆ ಸೀಳಿದರೆ ಟ್ಯೂಬೇ ಗತಿ, ಅದಕ್ಕಾಗಿ ಒಂದು ಟ್ಯೂಬ್ ಚೀಲದಲ್ಲಿರಲೇಬೇಕು. ಟ್ಯೂಬ್ ಹಾಕಲು ಮೊದಲು ಟ್ಯೂಬ್‌ಲೆಸ್ ವಾಲ್ವ್ ತೆಗೆಯಬೇಕು, ಆದರೆ ಅದರ ನಟ್ ಲ್ಯಾಟೆಕ್ಸಿಗೆ ಅಂಟಿ ಬೆರಳಿಗೆ ಬಗ್ಗದು. ಮನೆಯಲ್ಲೇ ಒಮ್ಮೆ ಸಡಿಲಿಸಿ, ಕೈಯಲ್ಲಷ್ಟೇ ಬಿಗಿ ಮಾಡಿಡಿ. ಸೀಳಿಗೆ ಒಳಗಿನಿಂದ ಹಳೇ ಟೈರಿನ ತುಂಡು ಆನಿಸಿ, ಇಲ್ಲವಾದರೆ ಟ್ಯೂಬ್ ಅಲ್ಲಿಂದ ಉಬ್ಬಿ ಒಡೆಯುತ್ತದೆ. ಟ್ಯೂಬ್ ತೂರಿಸುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ. ಸೀಲೆಂಟ್ ತಿಂಗಳುಗಟ್ಟಲೆ ಸದ್ದಿಲ್ಲದೆ ಮುಚ್ಚಿಟ್ಟ ಮುಳ್ಳುಗಳ ಮೊನೆಗಳೆಲ್ಲ ಅಲ್ಲಿ ಬಟ್ಟೆಗೆ ಸಿಕ್ಕಿಕೊಳ್ಳುತ್ತವೆ. ಒಂದನ್ನು ಬಿಟ್ಟರೂ ಹೊಸ ಟ್ಯೂಬ್ ಒಂದು ಕಿಲೋಮೀಟರ್ ಬಾಳದು.